ಬೋಂಡಾನ ಹಗ್ಗ ಯಾರ ಕೈಯಲ್ಲಿ?

ಹೊನ್ನಾವರ

ಚಿ. ಸೌ. ಪಲ್ಲವಿಗೆ,

ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ಸಂಕ್ರಾಂತಿ ರಜೆಗೆ ನೀನು, ಸುಹಾಸ, ನಿನ್ನ ನಾಯಿ ಬೋಂಡಾ ಮೂವರೂ ಕಡಲ ದಂಡೆಯಲ್ಲಿ ಟೆಂಟ್ ಹಾಕಿಕೊಂಡು ಇರುತ್ತೀರಂತೆ. "ನೀನಾದರೂ ಬುದ್ಧಿ ಹೇಳು" ಅಂತ ನಿನ್ನ ಅಮ್ಮ ಫೋನ್ ಮಾಡಿದ್ದಳು. ನಾನು ಬೇಡ ಅನ್ನುವವನಲ್ಲ. ಮಳೆಗಾಲದಲ್ಲಿ ಕೇಳಿದ್ದರೆ ಬೈದೇ ಬಿಡುತ್ತಿದ್ದೆ. ಜೂನ್, ಜುಲೈಯಲ್ಲಿ ಇಲ್ಲಿನ ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯುವುದಿಲ್ಲ. ಜನವರಿ ಒಳ್ಳೆಯ ಕಾಲ. ಆದರೆ ನೀನು ವಾಟ್ಸಾಪಿನಲ್ಲಿ ಕಳಿಸಿದ ಸಾಮಾನಿನ ಪಟ್ಟಿ ನೋಡಿದೆ. ಸ್ಪೀಕರ್ ಇದೆ, ದೀಪದ ಸರ ಇದೆ, ಬೋಂಡಾಗೆ ಟೋಪಿ ಕೂಡ ಇದೆ. ಹಗ್ಗ ಮಾತ್ರ ಇಲ್ಲ. ಅದಕ್ಕೇ ಈ ಪತ್ರ.

"ಅವನು ಪಾಪ, ಯಾರಿಗೂ ಏನೂ ಮಾಡಲ್ಲ ಮಾವ" ಅನ್ನುತ್ತೀಯ. ಇರಬಹುದು. ಆದರೆ ನಿಮಗೆ ಖಾಲಿ ಕಾಣುವ ದಂಡೆ ಇಲ್ಲಿನವರಿಗೆ ಅಂಗಳ. ಬೆಳಿಗ್ಗೆ ಹೆಂಗಸರು ಹಳೆ ಬಲೆ ಹಾಸಿ ಅದರ ಮೇಲೆ ಮೀನು ಹರವುತ್ತಾರೆ. ಬಿಸಿಲು ಏರಿದ ಮೇಲೆ ಬಂದು ಮಗುಚಿ ಹಾಕುತ್ತಾರೆ. ಕಾಗೆ, ಹದ್ದು ಓಡಿಸಲು ಒಬ್ಬಳು ಕೋಲು ಹಿಡಿದು ಕೂತೇ ಇರಬೇಕು. ಆ ವಾಸನೆಗೆ ನಿನ್ನ ಮೂವತ್ತು ಕೆಜಿ ಲ್ಯಾಬ್ರಡಾರ್ ಓಡಿಹೋಗಿ ಹೊರಳಾಡಿತು ಅಂದುಕೋ, ಇಲ್ಲಾ ಒಂದು ಕಾಲೆತ್ತಿತು ಅಂದುಕೋ. ನಿಮಗೆ ಅದು ನಗುವ ವಿಡಿಯೋ. ಆಕೆಗೆ ವ್ಯಾಪಾರ ಹೋಯಿತು.

ರಾತ್ರಿಯದು ಇನ್ನೊಂದು ಲೆಕ್ಕ. ಈ ತಿಂಗಳುಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ನಮ್ಮ ಕಡೆಯ ದಂಡೆಗೆ ಮೊಟ್ಟೆ ಇಡಲು ಬರುತ್ತವೆ. ಒಂದು ಗುಂಡಿಯಲ್ಲಿ ನೂರರ ಆಸುಪಾಸು ಮೊಟ್ಟೆ. ಮೇಲೆ ಮರಳು ಎಳೆದು ಮುಚ್ಚಿ ಹೋದರೆ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ, ನಾಯಿ ಮೂಗಿಗೆ ಎಲ್ಲಾ ಗೊತ್ತಾಗುತ್ತದೆ. ಅರಣ್ಯ ಇಲಾಖೆಯವರು ಊರವರನ್ನು ಕಟ್ಟಿಕೊಂಡು ಗೂಡಿಗೆ ಬಲೆ ಕಟ್ಟಿ ಕಾಯುವುದು ಹೆಚ್ಚಾಗಿ ನಾಯಿಗಳಿಂದಲೇ. ಕತ್ತಲಾದ ಮೇಲೆ ಬೋಂಡಾನ ಹಗ್ಗ ಬಿಚ್ಚಲೇಬೇಡಿ. ದೀಪದ ಸರವನ್ನೂ ಆರಿಸಿ. ಮರಿಗಳು ಬೆಳಕಿನ ಕಡೆ ಹೋಗುತ್ತವೆ, ಕಡಲಿನ ಕಡೆ ಅಲ್ಲ. ಊರ ನಾಯಿಗಳ ಗುಂಪೂ ರಾತ್ರಿ ಸುತ್ತು ಹಾಕುತ್ತಿರುತ್ತದೆ. ಬೆಂಗಳೂರಲ್ಲಿ ಸೋಫಾ ಮೇಲೆ ಮಲಗುವವನು ಅವುಗಳ ಎದುರು ಎಷ್ಟು ಹೊತ್ತು ನಿಂತಾನು? ರೇಬಿಸ್ ಲಸಿಕೆಯ ಪುಸ್ತಕ ಕಾರಲ್ಲೇ ಇರಲಿ.

ಜಾಗದ ಮಾತು. ಕಾಸರಕೋಡು ಇಕೋ ಬೀಚ್ ಆಸೆ ಬಿಡು. ಸ್ವಚ್ಛ, ಸುರಕ್ಷಿತ ದಂಡೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಬಾವುಟ 2020ರಲ್ಲಿ ಸಿಕ್ಕಿದ ದಂಡೆ ಅದು. ಅನುಮತಿ ಇಲ್ಲದೆ ಬಿಡಾರ ಹೂಡಬಾರದು, ನಾಯಿಗಳ ಮೇಲೆ ಬಿಗಿ ಇರಬೇಕು ಎನ್ನುವುದು ಆ ಬಾವುಟದ ಷರತ್ತಿನಲ್ಲೇ ಇದೆ. ಗೋಕರ್ಣದ ಪ್ಯಾರಡೈಸ್ ಬೀಚ್ ಅಂತ ಸುಹಾಸ ಆಸೆಪಟ್ಟಿದ್ದಾನಂತೆ. ಚೆಂದದ ಜಾಗ, ಸುಳ್ಳಲ್ಲ. ಆದರೆ ಕಾರು ಹೋಗುವುದಿಲ್ಲ. ಬಂಡೆ ಹತ್ತಿ ಇಳಿಯಬೇಕು, ಇಲ್ಲಾ ದೋಣಿ. ನಡುರಾತ್ರಿ ನಾಯಿ ವಾಂತಿ ಶುರು ಮಾಡಿದರೆ ಹೊತ್ತು ತರುವವರು ಯಾರು? ದಂಡೆಗೆ ಅಂಟಿದ ತೋಟದಲ್ಲಿ ಜಾಗ ಕೊಡುವವರಿದ್ದಾರೆ. ನಾಯಿ ಇದೆ ಅಂತ ಮೊದಲೇ ಹೇಳಿ ಒಪ್ಪಿಸಿಕೊಂಡು ಬನ್ನಿ. ಗಾಳಿ ಮರದ ನೆರಳಾದರೆ ಆಯಿತು, ತೆಂಗಿನ ಬುಡ ಮಾತ್ರ ಬೇಡ.

ಟೆಂಟಿನ ಗೂಟ ಮರಳಿನಲ್ಲಿ ನಿಲ್ಲುವುದಿಲ್ಲ. ಖಾಲಿ ಅಕ್ಕಿ ಚೀಲಕ್ಕೆ ಮರಳು ತುಂಬಿ, ಅದಕ್ಕೆ ಹುರಿ ಕಟ್ಟಿ, ಮೊಣಕಾಲುದ್ದದ ಗುಂಡಿಯಲ್ಲಿ ಹೂತುಬಿಡಿ. ಎಷ್ಟು ಮೇಲೆ ಹಾಕಬೇಕು ಅಂತ ಗೊತ್ತಾಗಲು ದಂಡೆಯಲ್ಲಿ ಕಸಕಡ್ಡಿ, ಚಿಪ್ಪು ಸಾಲುಗಟ್ಟಿರುವ ಗೆರೆ ನೋಡು. ಉಬ್ಬರ ಅಲ್ಲಿಯವರೆಗೆ ಬಂದಿದೆ ಅಂತ ಅರ್ಥ. ಹುಣ್ಣಿಮೆ, ಅಮಾವಾಸ್ಯೆಯ ಹತ್ತಿರ ನೀರು ಅದನ್ನೂ ದಾಟಬಹುದು. ಉಬ್ಬರ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಮೊದಲ ರಾತ್ರಿ ನೋಡಿದ ಹೊತ್ತನ್ನೇ ಎರಡನೇ ರಾತ್ರಿಗೂ ನಂಬಬೇಡಿ.

ಬೆಂಕಿ ಹಾಕುತ್ತೀರಲ್ಲ, ಅದಕ್ಕೆ ಮರಳು ಮುಚ್ಚಿ ಮಲಗುವ ಅಭ್ಯಾಸ ಪ್ರವಾಸಿಗರಿಗೆಲ್ಲ ಇದೆ. ಕೆಂಡ ಮರಳಿನೊಳಗೆ ಗಂಟೆಗಟ್ಟಲೆ ಕಾದೇ ಇರುತ್ತದೆ, ಮೇಲೆ ಗುರುತು ಕಾಣುವುದಿಲ್ಲ. ನಮ್ಮ ಕೇರಿಯ ಕೆಂದ ನಾಯಿ ಹೋದ ವರ್ಷ ಹಾಗೇ ಕಾಲಿಟ್ಟು, ನಾಲ್ಕೂ ಪಾದದ ಅಡಿ ಸುಲಿದು, ನಮ್ಮ ಜಗಲಿಯಲ್ಲಿ ವಾರಗಟ್ಟಲೆ ಬಿದ್ದಿತ್ತು. ಮೊಣಕೈ ಊರಿಕೊಂಡು ನೀರಿನ ಬಟ್ಟಲಿನ ತನಕ ತೆವಳುತ್ತಿತ್ತು. ಬಕೆಟ್ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ. ಮಧ್ಯಾಹ್ನದ ಮರಳೂ ಕಡಿಮೆ ಇಲ್ಲ. ಅಂಗೈ ಹಿಂಭಾಗ ಮರಳಿಗೆ ಇಟ್ಟು ಏಳು ಎಣಿಸುವಷ್ಟು ತಡೆಯಲು ಆಗದಿದ್ದರೆ ಅವನೂ ನೆರಳಲ್ಲೇ ಇರಲಿ. ಅವನ ಪಾಲಿಗೆ ದಿನಕ್ಕೆ ಎರಡು ಲೀಟರಿಗಿಂತ ಜಾಸ್ತಿ ಸಿಹಿನೀರು ಇಟ್ಟುಕೊಳ್ಳಿ. ಬಾಯಾರಿದರೆ ಉಪ್ಪುನೀರು ನೆಕ್ಕುತ್ತಾನೆ, ಆಮೇಲೆ ವಾಂತಿ, ಭೇದಿ.

ಈಗ ಸುಹಾಸನೂ ಓದಬೇಕಾದ ಮಾತು. ಇಬ್ಬರೂ ಒಟ್ಟಿಗೆ ನೀರಿಗೆ ಇಳಿಯಬೇಡಿ. ಒಬ್ಬರು ಇಳಿದರೆ ಇನ್ನೊಬ್ಬರು ದಡದಲ್ಲಿ ಬೋಂಡಾನ ಹಗ್ಗ ಹಿಡಿದಿರಿ. ಹಗ್ಗವನ್ನು ಟೆಂಟಿಗೆ ಕಟ್ಟಿದರೆ ಟೆಂಟ್ ಸಮೇತ ನಿಮ್ಮ ಹಿಂದೆ ಬರುತ್ತಾನೆ. ಎರಡು ಕಡೆ ಅಲೆ ಒಡೆಯುತ್ತಾ, ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಅಲ್ಲಿ ಇಳಿಯಬಾರದು. ನೀರು ಹಿಂದಕ್ಕೆ ಎಳೆಯುವುದೇ ಅಲ್ಲಿ. ಸಿಕ್ಕಿಕೊಂಡರೆ ದಡದ ಉದ್ದಕ್ಕೂ ಪಕ್ಕಕ್ಕೆ ಈಜಿ ಆ ಪಟ್ಟಿಯಿಂದ ಹೊರಬರಬೇಕು, ನೇರ ದಡಕ್ಕೆ ಹೋರಾಡಬಾರದು. ಶರಾವತಿ, ಅಘನಾಶಿನಿ ನದಿಗಳು ಕಡಲು ಸೇರುವ ಅಳಿವೆಗಳ ಹತ್ತಿರವೂ ಸುಳಿಯಬೇಡಿ. ಬೋಂಡಾನೇ ಅಲೆಗೆ ಸಿಕ್ಕಿಬಿಟ್ಟರೆ? ದಡದಿಂದ ಕೂಗಿ ಕರೆಯಿರಿ. ಹಿಂದೆ ಧುಮುಕಬೇಡಿ. ಕಲ್ಲು ಮನಸ್ಸಿನ ಮಾತು ಅನ್ನಿಸಬಹುದು. ನಾಯಿ ಹೆಚ್ಚಾಗಿ ತಾನೇ ದಡ ಸೇರುತ್ತದೆ, ಉಳಿಸಲು ಹೋದವರು ಸೇರುವುದಿಲ್ಲ. ನಿನ್ನ ಅಮ್ಮನಿಗೆ ನಾನು ಉತ್ತರ ಹೇಳಬೇಕಾದವನು.

ದಾರಿಯಲ್ಲಿ ಒಂದು ವಿಷಯ. ಸಾಗರ, ತಾಳಗುಪ್ಪ ದಾಟಿ ಗೇರುಸೊಪ್ಪ ಘಾಟಿ ಇಳಿಯುವಾಗ ಅವನನ್ನು ಕಾಡಿನೊಳಗೆ ಬಿಡಬೇಡಿ. ರಸ್ತೆ ಬದಿಯಲ್ಲೇ ಕೆಲಸ ಮುಗಿಸಲಿ. 1957ರಲ್ಲಿ ಕ್ಯಾಸನೂರು ಕಾಡಲ್ಲಿ ಗುರುತಿಸಿದ ಮಂಗನ ಕಾಯಿಲೆ ಇದೇ ಸೀಮೆಯದು, ಉಣುಗಿನಿಂದ ಬರುವಂಥದ್ದು, ಈ ಬೇಸಿಗೆ ಮುಂಚಿನ ತಿಂಗಳುಗಳಲ್ಲೇ ಜಾಸ್ತಿ. ನಾಯಿ ಮೈಯಲ್ಲಿ ಉಣುಗು ಕೂತು ನಿಮ್ಮ ಹಾಸಿಗೆಗೆ ಬರುತ್ತದೆ. ಕಿವಿ ಹಿಂದೆ, ಬೆರಳ ಸಂದಿಯಲ್ಲಿ ನೋಡಿಯೇ ಕಾರು ಹತ್ತಿಸಿ. ಘಾಟಿಗೆ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ತಿರುವುಗಳಲ್ಲಿ ಸೀಟಿನ ಮೇಲೆಯೇ ಕಕ್ಕುತ್ತಾನೆ.

ಮೊದಲು ಮನೆಗೆ ಬಂದು ಊಟ ಮಾಡಿಕೊಂಡು ಹೋಗಿ. ನಿನ್ನ ಅತ್ತೆ ಬೋಂಡಾಗೆ ಉಪ್ಪು, ಖಾರ ಹಾಕದೆ ಮುಳ್ಳು ತೆಗೆದ ಮೀನು ಬೇಯಿಸಿಡುತ್ತಾಳಂತೆ. ಸುಹಾಸನಿಗೆ ಮೀನು ಆಗುತ್ತದೋ ಇಲ್ಲವೋ ತಿಳಿಸು. ದನ ಕಟ್ಟುವ ಗಟ್ಟಿ ಹುರಿ ಅಂಗಳದಲ್ಲಿದೆ, ಹತ್ತು ಮಾರು. ಅದನ್ನೂ ಕೊಡುತ್ತೇನೆ.

ಇಂತು ನಿನ್ನ ಪ್ರೀತಿಯ,
ಮಾವ