2ಎ ಬರೆಯಲೋ ಬೇಡವೋ ಎಂದು ಕೇಳಿದ ಗೆಳೆಯನಿಗೆ

ಗೆಳೆಯಾ,

ಮಗಳು ಚೆನ್ನಾಗಿ ಓದುತ್ತಾಳೆ, ಜಿಎಂನಲ್ಲೇ (ಜನರಲ್ ಮೆರಿಟ್) ಸೀಟು ಸಿಗುವ ಹಾಗಿರುವಾಗ ಸಿಇಟಿ ಅರ್ಜಿಯಲ್ಲಿ ಹಿಂದುಳಿದ ವರ್ಗದ ಪ್ರವರ್ಗ 2ಎ ಎಂದು ಬರೆಸಿ ಅವಳನ್ನು ಕೋಟಾದೊಳಗೆ ಯಾಕೆ ಕೂಡಿಹಾಕಬೇಕು ಅಂತ ಕೇಳಿದ್ದೀಯ. ಮೊದಲು ಆ ಭಯ ಬಿಡು. 2ಎ ಎಂದು ಬರೆದರೆ ಜಿಎಂ ಬಾಗಿಲು ಮುಚ್ಚುವುದಿಲ್ಲ. ಜಿಎಂ ಸೀಟಿಗೆ ಜಾತಿಯೇ ಇಲ್ಲ. ರ‍್ಯಾಂಕ್ ಇದ್ದ ಯಾರಿಗಾದರೂ ಅದು ಸಿಗುತ್ತದೆ.

ಹಂಚಿಕೆ ನಡೆಯುವುದು ಹೀಗೆ. ಎಂಜಿನಿಯರಿಂಗ್‌ಗೆ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕದಿಂದ ಅರ್ಧ, ಸಿಇಟಿ ಅಂಕದಿಂದ ಅರ್ಧ ಸೇರಿಸಿ ಎಲ್ಲರಿಗೂ ಒಂದೇ ರ‍್ಯಾಂಕ್ ಪಟ್ಟಿ. ಜಾತಿಗೊಂದು ಪಟ್ಟಿ ಇರುವುದಿಲ್ಲ. 1ನೇ ರ‍್ಯಾಂಕಿನಿಂದ ಶುರುಮಾಡಿ ಒಬ್ಬೊಬ್ಬರ ಕಾಲೇಜು, ಬ್ರಾಂಚಿನ ಆಪ್ಷನ್‌ಗಳನ್ನು ಅವರು ಕೊಟ್ಟ ಕ್ರಮದಲ್ಲೇ ನೋಡುತ್ತಾ ಹೋಗುತ್ತಾರೆ. ಮಗಳ ಸರದಿ ಬಂದಾಗ ಅವಳ ಮೊದಲ ಆಪ್ಷನ್‌ನಲ್ಲಿ ಜಿಎಂ ಸೀಟು ಉಳಿದಿದ್ದರೆ ಅದೇ ಅವಳದು, 2ಎ ಲೆಕ್ಕಕ್ಕೆ ಕೈಯೇ ಹಾಕುವುದಿಲ್ಲ. ಜಿಎಂ ಮುಗಿದಿದ್ದರೆ ಮಾತ್ರ 2ಎ ನೋಡುತ್ತಾರೆ. ಅದೂ ಮುಗಿದಿದ್ದರೆ ಎರಡನೇ ಆಪ್ಷನ್‌ಗೆ ಇಳಿಯುತ್ತಾರೆ. ಬರೆಯದೆ ಬಿಟ್ಟರೆ ಆ 2ಎ ಹೆಜ್ಜೆ ಅವಳಿಗೆ ಇರುವುದೇ ಇಲ್ಲ. ಅರ್ಜಿಯಲ್ಲಿ ಕೇಳದ ಮೀಸಲಾತಿಯನ್ನು ಗಡುವು ಮುಗಿದ ಮೇಲೆ ಕೇಳಿದರೆ ಕೊಡುವುದೂ ಇಲ್ಲ. ಹಾಗಾಗಿ ಸ್ವಾಭಿಮಾನದ ಪ್ರಶ್ನೆಯನ್ನು ಸೀಟು ಕೈಗೆ ಬಂದ ಮೇಲೆ ಇಟ್ಟುಕೋ, ಅರ್ಜಿ ತುಂಬುವಾಗ ಬೇಡ.

ಇನ್ನು ನಿನ್ನ ಭಾವಮೈದ ಹೇಳಿದನಂತಲ್ಲ, 'ಅರ್ಧಕ್ಕಿಂತ ಹೆಚ್ಚು ಸೀಟು ಮೀಸಲಾತಿಗೇ ಹೋಗುತ್ತೆ' ಅಂತ. ಲೆಕ್ಕ ಹಾಕೋಣ. ಪರಿಶಿಷ್ಟ ಜಾತಿ 17, ಪರಿಶಿಷ್ಟ ಪಂಗಡ 7, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ-1ಕ್ಕೆ 4, 2ಎಗೆ 15, 2ಬಿಗೆ 4, 3ಎಗೆ 4, 3ಬಿಗೆ 5. ಒಟ್ಟು ಶೇ 56. 2022ರ ಕಾನೂನಿಗೆ ಮುಂಚೆ ಪರಿಶಿಷ್ಟರದ್ದು 15 ಮತ್ತು 3 ಇತ್ತು, ಆಗ ಒಟ್ಟು ಸರಿಯಾಗಿ 50. ಈ ಅಂಕಿಗಳು ಕೋರ್ಟು, ಕಾನೂನುಗಳ ನಡುವೆ ಅಲುಗಾಡುತ್ತಲೇ ಇರುತ್ತವೆ, ಮಗಳ ವರ್ಷದ ಸೀಟ್ ಮ್ಯಾಟ್ರಿಕ್ಸ್ ಬಂದಾಗ ಅದನ್ನೇ ನೋಡು.

ಆದರೆ ಶೇ 56 ಯಾವುದರ ಮೇಲೆ? ಅಲ್ಪಸಂಖ್ಯಾತರದ್ದಲ್ಲದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ 60 ಸೀಟಿನ ಬ್ರಾಂಚ್ ತಗೋ. ಶೇ 45 ಸರ್ಕಾರದ ಕೋಟಾ, ಅಂದರೆ 27. ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಾದ ಕಾಮೆಡ್-ಕೆಗೆ, 18. ಶೇ 25 ಮ್ಯಾನೇಜ್‌ಮೆಂಟ್, 15. ಈ ಶೇ 56 ಅನ್ವಯಿಸುವುದು ಆ 27ಕ್ಕೆ ಮಾತ್ರ. 27ರ ಶೇ 56 ಎಂದರೆ 15. ಎಲ್ಲ ಜಾತಿ, ಎಲ್ಲ ಪ್ರವರ್ಗ ಸೇರಿ ಹದಿನೈದು ಸೀಟು, ದುಡ್ಡಿನ ಬಲದ ಮೇಲೂ ಹದಿನೈದು ಸೀಟು. ಪ್ರತಿಭೆ ಸತ್ತಿತು ಎಂದು ಅಳುವವರು ಮೊದಲನೇ ಹದಿನೈದರ ಎದುರು ಮಾತ್ರ ಯಾಕೆ ಅಳುತ್ತಾರೋ ಕೇಳು. ಆ ಮೊದಲನೆಯ ಹದಿನೈದು ಮಕ್ಕಳೂ ಅದೇ ಪ್ರಶ್ನೆಪತ್ರಿಕೆ ಬರೆದು ಅದೇ ರ‍್ಯಾಂಕ್ ಪಟ್ಟಿಯಲ್ಲಿ ಸಾಲು ನಿಂತವರು. ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ತೆಗೆದು ಒಳ್ಳೆಯ ಕಾಲೇಜುಗಳ ಜಿಎಂ ಮತ್ತು 3ಬಿಜಿ (3ಬಿ ಸಾಮಾನ್ಯ) ಕಾಲಂಗಳನ್ನು ನಿನ್ನ ಭಾವಮೈದ ಪಕ್ಕಪಕ್ಕ ಇಟ್ಟು ನೋಡಲಿ, ಅವನು ಅಂದುಕೊಂಡಷ್ಟು ಅಂತರ ಎಷ್ಟೋ ಕಡೆ ಕಾಣಿಸುವುದಿಲ್ಲ.

ಈ ಜಗಳ ಹೊಸದೂ ಅಲ್ಲ. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ದು 1918ರಲ್ಲಿ. 1962ರ ಜುಲೈನಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಹಿಂದುಳಿದವರಿಗೆ 28, ಅತಿ ಹಿಂದುಳಿದವರಿಗೆ 22, ಪರಿಶಿಷ್ಟರಿಗೆ 15 ಮತ್ತು 3 ಸೇರಿಸಿ ಶೇ 68 ಮೀಸಲಿಟ್ಟಿತು. ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಬಾಲಾಜಿ ಪ್ರಕರಣದಲ್ಲಿ ಅದನ್ನು ಹೊಡೆದುಹಾಕಿತು. ಇಡೀ ದೇಶ ಇವತ್ತಿಗೂ ಜಪಿಸುವ ಶೇ 50ರ ಮಿತಿಯ ಮಾತು ಹುಟ್ಟಿದ್ದೇ ನಮ್ಮ ಕಾಲೇಜು ಸೀಟಿನ ಆ ಜಗಳದಲ್ಲಿ.

ಈಗ ನಿನ್ನ ಮಗಳಿಗೆ ನಿಜವಾಗಿ ಲಾಭವಾಗುವ ವಿಷಯಕ್ಕೆ ಬರುತ್ತೇನೆ. ನೀನು ಜಾತಿ ಕೋಟಾ ಒಂದನ್ನೇ ಕೇಳಿದೆ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಸುದ್ದಿಯೇ ಎತ್ತಲಿಲ್ಲ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ 15, ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಇವು ಪ್ರತ್ಯೇಕ ರಾಶಿಯಲ್ಲ, ಪ್ರತಿ ಪ್ರವರ್ಗದ ಒಳಗೇ ಅಡ್ಡಡ್ಡ ಕತ್ತರಿಸಿದ ತುಂಡುಗಳು. ನೂರು ಸೀಟಿನಲ್ಲಿ ಜಿಎಂನ 44ರೊಳಗೆ ಗ್ರಾಮೀಣ 6.6, ಕನ್ನಡ 2.2, 2ಎಯ 15ರೊಳಗೆ ಗ್ರಾಮೀಣ 2.25, ಕನ್ನಡ 0.75. ಕಟ್‌ಆಫ್ ಪಟ್ಟಿಯಲ್ಲಿ 2ಎಜಿ, 2ಎಆರ್, 2ಎಕೆ ಎಂದು ಕಾಣುವುದು ಇವೇ. ಜಿ ಎಂದರೆ ಇವೆರಡೂ ಅಲ್ಲದ ಸಾಮಾನ್ಯ, ಆರ್ ಎಂದರೆ ಗ್ರಾಮೀಣ, ಕೆ ಎಂದರೆ ಕನ್ನಡ. ಕೊನೆಗೆ ಎಚ್ ಸೇರಿದ್ದರೆ ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಇಟ್ಟದ್ದು. ಆ ಭಾಗದ ಕಾಲೇಜುಗಳಲ್ಲಿ ಅವರಿಗೆ ಶೇ 70, ಉಳಿದ ಕಡೆ ಶೇ 8. 27 ಸೀಟಿನಲ್ಲಿ 2ಎಗೆ ಬರುವುದೇ ನಾಲ್ಕು, ಅದರೊಳಗೆ ಗ್ರಾಮೀಣ ಅರ್ಧ ಸೀಟು. ಅರ್ಧ ಸೀಟು ಕೊಡಲಾಗುವುದಿಲ್ಲವಲ್ಲ, ಆದ್ದರಿಂದ ಎಲ್ಲ ಕಾಲೇಜಿನ ಎಲ್ಲ ಬ್ರಾಂಚಿನಲ್ಲೂ 2ಎಆರ್, 2ಎಕೆ ಸಿಗುವುದಿಲ್ಲ. ಹತ್ತು ಆಪ್ಷನ್ ಹಾಕಿ ಕೈಕಟ್ಟಿ ಕೂರಬಾರದು ಎನ್ನುವುದು ಇದಕ್ಕೇ. ಆಪ್ಷನ್ ಜಾಸ್ತಿ ಹಾಕಿದಷ್ಟೂ ಇಂಥ ಅಪರೂಪದ ಸೀಟು ತಗುಲುವ ಸಾಧ್ಯತೆ ಹೆಚ್ಚು.

ಗ್ರಾಮೀಣ ಕೋಟಾದ ದೋಷ ನಾನೇ ಹೇಳಿಬಿಡುತ್ತೇನೆ. ಅದು ನೋಡುವುದು ಶಾಲೆ ಇದ್ದ ಜಾಗವನ್ನು, ಮಗುವಿನ ಮನೆಯನ್ನಲ್ಲ. ಬೆಂಗಳೂರಿನ ಅಂಚಿನಲ್ಲಿ ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿರುವ ಲಕ್ಷಗಟ್ಟಲೆ ಫೀಸಿನ ಶಾಲೆಯ ಮಗು ಕಾಗದದಲ್ಲಿ ಹಳ್ಳಿಯದೇ. ಹಳ್ಳಿಯಿಂದ ಬಸ್ಸು ಹತ್ತಿ ತಾಲ್ಲೂಕು ಕೇಂದ್ರದ ಸರ್ಕಾರಿ ಹೈಸ್ಕೂಲಿಗೆ ಹೋದ ಕೂಲಿಕಾರನ ಮಗು ಮೂರು ವರ್ಷದ ಕಾರಣಕ್ಕೆ ಹತ್ತೂ ವರ್ಷ ಕಳೆದುಕೊಳ್ಳುತ್ತದೆ. ಕನ್ನಡ ಕೋಟಾದಲ್ಲಿ ಇಂಥ ಕಳ್ಳದಾರಿ ಕಡಿಮೆ, ನನಗೆ ಅದೇ ಹೆಚ್ಚು ನ್ಯಾಯವೆನಿಸುತ್ತದೆ. ಆದರೆ 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತಲ್ಲ, ಅಲ್ಲಿ ಒಂದನೇ ತರಗತಿಗೆ ಸೇರಿದ ಮಕ್ಕಳಿಗೆ ಈ ಶೇ 5 ಕೈತಪ್ಪಿತು ಎಂದು ಸೇರಿಸುವ ದಿನ ಎಷ್ಟು ಅಪ್ಪ ಅಮ್ಮಂದಿರಿಗೆ ಯಾರು ಹೇಳಿದರು?

ನಿನ್ನ ಮಗಳು ಹತ್ತೂ ವರ್ಷ ಊರಿನ ಶಾಲೆಯಲ್ಲೇ, ಕನ್ನಡದಲ್ಲೇ ಓದಿದ್ದಾಳೆ. ಆರ್ ಮತ್ತು ಕೆ ಎರಡನ್ನೂ ಕೇಳು. ಒಂದು ಕೇಳಿದರೆ ಇನ್ನೊಂದು ಹೋಗುತ್ತದೆ ಎನ್ನುವ ಮಾತು ಸುಳ್ಳು.

ಸೀಟು ಹೆಚ್ಚಾಗಿ ತಪ್ಪುವುದು ಕಾಗದದಲ್ಲಿ. ನಾಡಕಚೇರಿಯಿಂದ ತಹಶೀಲ್ದಾರ್ ಕೊಡುವ ಪ್ರಮಾಣಪತ್ರ ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ-1ಕ್ಕೆ ಇ, ನಿಮಗೆ ಎಫ್. ಅದು ನಿನ್ನ ಹೆಸರಲ್ಲಿದ್ದರೆ ಕೆಲಸಕ್ಕೆ ಬರುವುದಿಲ್ಲ, ಮಗಳ ಹೆಸರಲ್ಲೇ ಇರಬೇಕು. ಎಫ್ ನಮೂನೆಯಲ್ಲಿ ಜಾತಿಯ ಜೊತೆ ಆದಾಯವೂ ಇರುವುದರಿಂದ ಐದು ವರ್ಷಕ್ಕೆ ಅವಧಿ ಮುಗಿಯುತ್ತದೆ. ಹೈಸ್ಕೂಲು ಸೇರುವಾಗ ಮಾಡಿಸಿದ್ದು ಸಿಇಟಿ ಸೀಟು ಹಂಚಿಕೆ ಹೊತ್ತಿಗೆ ಸತ್ತಿರುವುದು ಮಾಮೂಲು. ವಾರ್ಷಿಕ ಆದಾಯ 8 ಲಕ್ಷ ದಾಟಿದರೆ ಕೆನೆಪದರ, ಆಗ 2ಎ ಇಲ್ಲ. ಪ್ರವರ್ಗ-1ಕ್ಕೆ ಈ ಮಿತಿ ಇಲ್ಲ. ಪತ್ರದ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ಹಾಕಿದಾಗ ಪರೀಕ್ಷಾ ಪ್ರಾಧಿಕಾರ ಕಂದಾಯ ಇಲಾಖೆಯ ದಾಖಲೆಯನ್ನು ನೇರ ನೋಡುತ್ತದೆ. ಅಲ್ಲಿ ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೊಂದದಿದ್ದರೆ, ಇನಿಷಿಯಲ್ ಹಿಂದೆ ಮುಂದೆ ಆಗಿದ್ದರೂ ತಕರಾರು. ಅದು ಸರಿಹೋಗದಿದ್ದರೆ ಮಗಳು ಜಿಎಂ.

ಗ್ರಾಮೀಣ, ಕನ್ನಡ ಕೋಟಾಗಳಿಗೆ ವ್ಯಾಸಂಗ ಪ್ರಮಾಣಪತ್ರ ಪ್ರತಿ ಶಾಲೆಯಿಂದಲೂ ಬೇಕು, ಪ್ರಾಥಮಿಕ ಒಂದು ಕಡೆ, ಹೈಸ್ಕೂಲು ಇನ್ನೊಂದು ಕಡೆ ಆಗಿದ್ದರೆ ಎರಡೂ. ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು ಎಂದಾದರೆ ಫಲಿತಾಂಶದ ಸಮಯದಲ್ಲಿ ಆ ಕಚೇರಿಯ ಮುಂದೆ ತಾಲ್ಲೂಕಿನ ಎಲ್ಲ ಮಕ್ಕಳೂ ನಿಂತಿರುತ್ತಾರೆ. ಪರಿಶೀಲನೆ ಮುಗಿದು ವೆರಿಫಿಕೇಶನ್ ಸ್ಲಿಪ್ ಬಂದಾಗ ಸೀಟು ಬಂದಷ್ಟೇ ಗಮನ ಕೊಟ್ಟು ಓದು. 2ಎ, ಗ್ರಾಮೀಣ, ಕನ್ನಡ ಮೂರೂ ಅದರಲ್ಲಿ ನಮೂದಾಗಿರಬೇಕು. ಇಲ್ಲದಿದ್ದರೆ ಆಪ್ಷನ್ ಹಾಕುವ ಮುಂಚೆಯೇ ಸರಿಪಡಿಸಿಕೋ.

ಜೆಇಇಯನ್ನೂ ಬರೆಸುತ್ತೇನೆ ಎಂದಿದ್ದೀಯ. ಅಲ್ಲಿಗೆ ಈ ಎಫ್ ನಮೂನೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ, ಅದರಲ್ಲಿ ನಿಮ್ಮ ಜಾತಿ ಇದೆಯೇ ಎಂದು ಮೊದಲು ನೋಡು. ಇದ್ದರೆ ಕೇಂದ್ರದ ನಮೂನೆಯಲ್ಲೇ ಪತ್ರ ಮಾಡಿಸಬೇಕು, ಅದೂ ಸೀಟು ಹಂಚಿಕೆಯ ವರ್ಷದ ಏಪ್ರಿಲ್ 1ರಂದು ಅಥವಾ ಆಮೇಲೆ ಕೊಟ್ಟದ್ದು.

ಡಿಸೆಂಬರ್ ಮುಗಿಯುವುದರೊಳಗೆ ನಾಡಕಚೇರಿಗೆ ಹೋಗು. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಯಲ್ಲಿರಲಿ, ಹೆಸರನ್ನು ಅಲ್ಲಿರುವಂತೆ ಅಕ್ಷರಕ್ಕೆ ಅಕ್ಷರ ಟೈಪು ಮಾಡಿಸು. ಪತ್ರ ಬಂದ ದಿನ ಫೋಟೊ ಕಳಿಸು, ನಾನೂ ಒಮ್ಮೆ ನೋಡುತ್ತೇನೆ.

ನಿನ್ನ ಗೆಳೆಯ