ಸ್ಕ್ಯಾನ್ ಒಂದನ್ನೇ ನೋಡಿ ಪಿಸಿಒಎಸ್ ಎನ್ನಬೇಡಿ

ಹದಿಹರೆಯದ ಹೆಣ್ಣುಮಕ್ಕಳಿಗೆ ಹೊಟ್ಟೆಯ ಸ್ಕ್ಯಾನ್ ವರದಿಯೊಂದನ್ನೇ ನೋಡಿ ಪಿಸಿಒಎಸ್ (ಹಾರ್ಮೋನುಗಳ ಏರುಪೇರಿನಿಂದ ಮುಟ್ಟು ಕ್ರಮ ತಪ್ಪುವಂತಹ ಅಂಡಾಶಯದ ಸಮಸ್ಯೆ) ಇದೆಯೆಂದು ಹೇಳಿಬಿಡುವ ರೂಢಿ ನಿಲ್ಲಬೇಕು. ಪಿಯುಸಿ ಓದುತ್ತಿರುವ ನನ್ನ ಅಕ್ಕನ ಮಗಳು ವರದಿಯಲ್ಲಿದ್ದ ‘ಅಂಡಾಶಯದಲ್ಲಿ ಗುಳ್ಳೆಗಳು’ ಎಂಬ ಒಂದು ಸಾಲನ್ನು ಓದಿ, ಅದು ಗಡ್ಡೆಯೇ ಇರಬೇಕೆಂದು ಹೆದರಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅವು ಗಡ್ಡೆಗಳಲ್ಲ, ಪೂರ್ತಿ ಬೆಳೆಯದೆ ಉಳಿದ ಅಂಡಾಣುಗಳ ಪುಟ್ಟ ಚೀಲಗಳು. ಆ ವಯಸ್ಸಿನಲ್ಲಿ ಆರೋಗ್ಯವಂತರಲ್ಲೂ ಕಾಣುತ್ತವೆ. ಆದ್ದರಿಂದಲೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು, ಹದಿಹರೆಯದವರಲ್ಲಿ ಸ್ಕ್ಯಾನ್ ಅನ್ನು ಆಧಾರವಾಗಿಸದೆ, ಮುಟ್ಟಿನ ಏರುಪೇರು ಮತ್ತು ಪುರುಷ ಹಾರ್ಮೋನು ಹೆಚ್ಚಿರುವ ಲಕ್ಷಣ ಎರಡೂ ಇದ್ದು, ಥೈರಾಯ್ಡ್‌ನಂತಹ ಬೇರೆ ಕಾರಣಗಳಿಲ್ಲವೆಂದು ಖಚಿತವಾದ ಮೇಲಷ್ಟೇ ನಿರ್ಧರಿಸಬೇಕೆನ್ನುತ್ತದೆ.

ಹಾಗೆಂದು ತಿಂಗಳುಗಟ್ಟಲೆ ಮುಟ್ಟು ನಿಂತರೂ ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಹಿರಿಯರು ಕೈಚೆಲ್ಲುವುದೂ ತಪ್ಪು. ಈ ಸಮಸ್ಯೆಯುಳ್ಳವರಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಹೆಚ್ಚು. ತೆಳ್ಳಗಿರುವವರಿಗೂ ಪಿಸಿಒಎಸ್ ಇರಬಹುದೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ.

ಉಡುಪಿ ಜಿಲ್ಲಾ ಆರೋಗ್ಯ ಇಲಾಖೆಯು ಕಾರ್ಕಳ, ಕುಂದಾಪುರ ಮೊದಲಾದ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ಮಧ್ಯಾಹ್ನವನ್ನು ಇದಕ್ಕೆಂದೇ ಮೀಸಲಿಟ್ಟು, ಮಹಿಳಾ ವೈದ್ಯರು ತಾಯಿ-ಮಗಳಿಬ್ಬರನ್ನೂ ಕೂರಿಸಿಕೊಂಡು ವಿವರಿಸುವ ಹಾಗೂ ರಕ್ತಪರೀಕ್ಷೆ ಮಾಡಿಸುವ ವ್ಯವಸ್ಥೆ ಕಲ್ಪಿಸಲಿ.

– ಓದುಗರೊಬ್ಬರು, ಉಡುಪಿ