ಏಳನೇ ಕ್ಲಾಸಿನ ಪೋಷಕರಿಗೆ, ಆ ಮೊಲದ ವಿಷಯ

ಎಲ್ಲಾ ಪೋಷಕರಿಗೂ ನಮಸ್ಕಾರ,

ಯಾವಾಗಿನ ಹಾಗೆ ವಾಟ್ಸಾಪ್ ಗ್ರೂಪಲ್ಲಿ ನಾಲ್ಕು ಸಾಲು ಹಾಕಿ ಮುಗಿಸೋಣ ಅಂತಿದ್ದೆ, ಆದ್ರೆ ಎಡವಟ್ಟು ಆಗಿದ್ದೇ ಆ ಗ್ರೂಪಲ್ಲಿ, ಅದಕ್ಕೆ ಈ ಸಲ ಪ್ರಿಂಟ್ ತೆಗ್ದು ಮಕ್ಕಳ ಬ್ಯಾಗಲ್ಲೇ ಕಳಿಸ್ತಾ ಇದೀನಿ. ಪುನರ್ವಸು ಮಳೆ ಈ ಥರ ಹೊಡೀತಿರೋವಾಗ ಕಾಗದ ಒದ್ದೆ ಆಗದೆ ನಿಮ್ಮ ಕೈ ಸೇರಿದ್ರೆ ಪುಣ್ಯ. ಸ್ವಲ್ಪ ಉದ್ದ ಇದೆ, ನಾಟಿ ಕೆಲಸದ ಮಧ್ಯೆ ಟೈಮ್ ಸಿಕ್ಕಾಗ ಓದಿ.

ಆಗಿದ್ದಿಷ್ಟು. ನಮ್ಮ ಇಂಗ್ಲಿಷ್ ಮೇಡಂ ಒಂದು ತಿಂಗಳಿಂದ ಏಳನೇ ಕ್ಲಾಸಿಗೆ ಲೈಬ್ರರಿ ಪೀರಿಯಡ್‌ಲ್ಲಿ ಒಂದು ಕಾದಂಬರಿ ಓದಿ ಹೇಳ್ತಿದ್ರು, ಒಂದು ಪ್ಯಾರಾ ಇಂಗ್ಲಿಷಲ್ಲಿ ಓದೋದು, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳೋದು. ವೆನ್ ಹಿಟ್ಲರ್ ಸ್ಟೋಲ್ ಪಿಂಕ್ ರ್‍ಯಾಬಿಟ್ ಅಂತ, ಜೂಡಿತ್ ಕೆರ್ ಅನ್ನೋರು ಬರೆದಿದ್ದು, 1971ರ ಪುಸ್ತಕ. ಅವರದ್ದೇ ಬಾಲ್ಯದ ಕಥೆ ಅದು. ಬರ್ಲಿನ್‌ನಲ್ಲಿ ಹುಟ್ಟಿದ ಯಹೂದಿ ಹುಡುಗಿ, ಅಪ್ಪ ಹಿಟ್ಲರ್ ವಿರುದ್ಧ ಬರೀತಿದ್ದ ಲೇಖಕ, 1933ರಲ್ಲಿ ಹಿಟ್ಲರ್ ಬಂದ ಅಂತ ಇಡೀ ಮನೆಯೋರು ದೇಶ ಬಿಟ್ಟು ಮೊದಲು ಸ್ವಿಟ್ಜರ್ಲೆಂಡ್, ಆಮೇಲೆ ಪ್ಯಾರಿಸ್, ಕೊನೆಗೆ ಲಂಡನ್ ಸೇರ್ತಾರೆ. ಕಥೆಲಿ ಹುಡುಗಿ ಹೆಸರು ಅನ್ನಾ, ವಯಸ್ಸು ಒಂಬತ್ತು. ಹೊರಡೋವಾಗ ಆಟದ ಸಾಮಾನು ಒಂದೇ ತಗೋಬೇಕು ಅಂತಾರೆ, ಅವಳು ಹೊಸದು ಅಂತ ಉಣ್ಣೆ ನಾಯಿ ತಗೋತಾಳೆ, ಚಿಕ್ಕಂದಿನಿಂದ ಜೊತೆಗಿದ್ದ ಗುಲಾಬಿ ಮೊಲನ ಬಿಟ್ಟು ಹೋಗ್ತಾಳೆ. ಆಮೇಲೆ ಅವರ ಮನೆ ಸಾಮಾನೆಲ್ಲ ನಾಜಿಗಳು ಜಪ್ತಿ ಮಾಡಿದ್ರು ಅಂತ ಗೊತ್ತಾದಾಗ, ಅಯ್ಯೋ ಹಿಟ್ಲರ್ ಈಗ ನನ್ನ ಮೊಲದ ಜೊತೆ ಆಡ್ತಿರ್ತಾನೇನೋ ಅಂತ ಯೋಚ್ನೆ ಮಾಡ್ತಾಳೆ. ಹೆಸರು ಅದಕ್ಕೇ ಬಂದಿದ್ದು.

ಒಬ್ರು ಅಪ್ಪ ಫೋನ್ ಮಾಡಿ, ಏನ್ ಸಾರ್ ಜರ್ಮನಿ ಕಥೆ ಕಟ್ಕೊಂಡು ನಮ್ಮ ಮಕ್ಕಳಿಗೇನು, ಗಣಿತ ಪಾಠ ಮುಗೀತಾ ಅಂದ್ರು. ಗಣಿತ ಟೈಮಿಗೆ ಸರಿಯಾಗೇ ನಡೀತಿದೆ, ಅದರ ಪೀರಿಯಡ್ ಒಂದನ್ನೂ ಮುಟ್ಟಿಲ್ಲ, ಆ ವಿಷಯ ಅಲ್ಲಿಗೆ ಬಿಡೋಣ.

ಕಥೆ ಮುಗಿದ ಮೇಲೆ ಮೇಡಂ ಮಕ್ಕಳಿಗೆ ಬರೀರಿ ಅಂದ್ರು. ಸಾರಾಂಶ ಬೇಡ, ನಿಮಗೆ ಏನು ಅನ್ನಿಸ್ತು ಅದು ಬರೀರಿ ಅಂತ. ಮೂವತ್ತೊಂದು ನೋಟ್‌ಬುಕ್ ನಾನೂ ಕೂತು ಓದಿದೆ. ಸುಮಾರು ಇಪ್ಪತ್ತು ಜನ ಪಾಪ ಅನ್ನಾ, ಪಾಪ ಅನ್ನಾ ಅಂತ ಬರೆದಿದ್ರು, ನಾವು ಎಲ್ಲರನ್ನೂ ಪ್ರೀತಿಸಬೇಕು ಅಂತ ಕೊನೆ ಸಾಲು. ಅದು ನಾವೇ ಕಲಿಸಿದ ಚಾಳಿ, ಮಾರ್ಕ್ಸ್ ಬರತ್ತೆ ಅಂತ ಬರೀತಾರೆ, ಮಕ್ಕಳ ತಪ್ಪೇನಿಲ್ಲ. ತಾಂಡಾದಿಂದ ಬರೋ ಒಬ್ಬ ಹುಡುಗ ಮಾತ್ರ ಬೇರೆ ಜಾಗಕ್ಕೆ ಕೈ ಇಟ್ಟಿದ್ದ. ಅನ್ನಾ ಪ್ಯಾರಿಸ್ ಸ್ಕೂಲಲ್ಲಿ ಫ್ರೆಂಚ್ ಬರದೆ ತಿಂಗಳುಗಟ್ಲೆ ಒದ್ದಾಡ್ತಾಳೆ, ಪ್ರತಿ ಮಾತನ್ನೂ ಮನಸ್ಸಲ್ಲೇ ಜರ್ಮನ್‌ನಿಂದ ತಿರುಗಿಸಿ ತಿರುಗಿಸಿ ಸುಸ್ತಾಗ್ತಾಳೆ, ಒಂದು ದಿನ ಇದ್ದಕ್ಕಿದ್ದ ಹಾಗೆ ತಾನಾಗೇ ಬಾಯಿಗೆ ಬಂದ್‌ಬಿಡತ್ತೆ. ಇವನು ಬರೆದಿದ್ದ, ನನಗೂ ಒಂದನೇ ಕ್ಲಾಸಲ್ಲಿ ಕನ್ನಡ ಹಂಗೇ ಬಂತು, ಅವತ್ತು ಮನೆಗೆ ಓಡಿ ಹೋಗಿ ಅವ್ವನಿಗೆ ಕನ್ನಡದಲ್ಲಿ ಬೈದೆ, ಅವಳಿಗೆ ಅರ್ಥ ಆಗ್ಲಿಲ್ಲ. ಇಷ್ಟು ವರ್ಷ ಆ ಹುಡುಗನ್ನ ನೋಡ್ತಿದೀನಿ, ಒಂದನೇ ಕ್ಲಾಸಲ್ಲಿ ಅವನು ಯಾಕೆ ಅಷ್ಟು ತಿಂಗಳು ಬಾಯೇ ಬಿಡ್ತಿರ್ಲಿಲ್ಲ ಅಂತ ನನಗೆ ಈಗ ಗೊತ್ತಾಯ್ತು.

ಇನ್ನೊಂದು ನೋಟ್‌ಬುಕ್ ಒಬ್ಬ ಹುಡುಗೀದು. ಹೆಸರು ಬರೆಯಲ್ಲ, ಊರು ಚಿಕ್ಕದು, ಯಾರು ಅಂತ ನಿಮಗೆ ಹೆಂಗೂ ಗೊತ್ತಾಗತ್ತೆ. ಅವಳು ಶುರು ಮಾಡಿದ್ದೇ ಜಗಳದಿಂದ. ಈ ಪುಸ್ತಕದಲ್ಲಿ ಅನ್ನಾಗೆ ಮಜಾನೇ ಜಾಸ್ತಿ ಆಗಿದೆ, ಇವಳು ಸರಿಯಾಗಿ ಅಳೋದೇ ಇಲ್ಲ, ಹಂಗಾದ್ರೆ ಇದು ಕಷ್ಟದ ಕಥೆ ಹೆಂಗೆ ಆಯ್ತು ಅಂತ. ಓದಿ ನನಗೆ ನಗು ಬಂತು, ಆದ್ರೆ ಅವಳು ಹಿಡಿದಿದ್ದು ಸರಿಯಾದ ಎಳೇನೇ. ದೊಡ್ಡ ಮನುಷ್ಯರಾದೋರೆಲ್ಲ ಕಷ್ಟದ ಬಾಲ್ಯ ಕಂಡೋರು ಅಂತ ಅನ್ನಾ ಎಲ್ಲೋ ಓದಿರ್ತಾಳೆ, ಅಪ್ಪ ಅಮ್ಮ ಅಣ್ಣ ಎಲ್ರೂ ಜೊತೆಗೇ ಇದ್ರಲ್ಲ, ನಂದು ಎಂಥಾ ಕಷ್ಟದ ಬಾಲ್ಯ ಅಂತ ಕೊನೇಲಿ ಅವಳೇ ಅಂದ್ಕೋತಾಳೆ. ಮೇಡಂ ಆ ಭಾಗ ಓದೋವಾಗ ಈ ಹುಡುಗಿ ಜ್ವರ ಬಂದು ಮನೇಲಿದ್ಲು. ಅಂದ್ರೆ ಅದನ್ನ ಕೇಳದೆ ತಾನೇ ಅಲ್ಲಿಗೆ ಬಂದು ಮುಟ್ಟಿದಾಳೆ.

ಮನೇಲಿ ಮಲಗಿದ್ದಾಗ ಅಜ್ಜಿಗೆ ಈ ಕಥೆ ಹೇಳಿದಾಳೆ. ಅಜ್ಜಿ ಕೇಳಿ, ನಾವೂ ಹಂಗೇ ಬಂದಿದ್ದಲ್ವಾ ಮಾರಾಯ್ತಿ, ನಂಗೂ ಖುಷಿನೇ ಆಗಿತ್ತು ಅಂದ್ರಂತೆ.

ನಮ್ಮೂರಿನ ಅರ್ಧ ಮನೆಗಳು ಮುಳುಗಡೆಯಿಂದ ಬಂದವು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದಿದ್ದು 1964ರಲ್ಲಿ, ಅದಕ್ಕೂ ಮುಂಚೇನೇ ಶರಾವತಿ ಕಣಿವೆಯಿಂದ ಜನರನ್ನ ಎಬ್ಬಿಸಿ ಲಾರಿಲಿ ತುಂಬಿ ತಂದು ಈ ಕಾಡಂಚಲ್ಲಿ ಇಳಿಸಿದ್ರು. ಆ ಅಜ್ಜಿಗೆ ಆಗ ಎಂಟು ವರ್ಷ ಇರಬಹುದು. ಅವರು ಅದುವರೆಗೂ ಲಾರಿ ಹತ್ತೇ ಇರ್ಲಿಲ್ಲ. ಮನೆ ಹೆಂಚು, ಜಂತೆ, ಬಾಗಿಲು ಎಲ್ಲ ಬಿಚ್ಚಿ ಲಾರಿಗೆ ಹೇರಿದ್ರಂತೆ, ಅದರ ಮೇಲೆ ಮಕ್ಕಳು. ದಾರಿಯಿಡೀ ಕೂಗ್ತಾ ಹಾಡ್ತಾ ಬಂದ್ವಿ, ಅಮ್ಮ ಮಾತ್ರ ಸೆರಗು ಬಾಯಿಗೆ ಇಟ್ಕೊಂಡು ಕೂತಿದ್ಲು, ಯಾಕೆ ಅಂತ ನಾವ್ಯಾರೂ ಕೇಳ್ಲೇ ಇಲ್ಲ ಅಂತ ಅಜ್ಜಿ ಹೇಳಿದ್ದನ್ನ ಹುಡುಗಿ ಹಂಗಂಗೇ ಬರೆದಿದಾಳೆ. ಆಮೇಲೆ ಅವಳು ಕೇಳಿದ ಪ್ರಶ್ನೆ, ಅಜ್ಜಿ ನಿನ್ನ ಮೊಲ ಯಾವುದು? ಚೆನ್ನೆಮಣೆ ಅಂತೆ. ಕಾಳೆಲ್ಲ ಲಂಗದ ಗಂಟಲ್ಲಿ ಕಟ್ಕೊಂಡು ತಂದ್ರು, ಮಣೆ ಜಗಲಿ ಮೇಲೇ ಉಳೀತು, ಮತ್ತೆ ಬಂದಾಗ ತಗೊಂಡ್ರಾಯ್ತು ಅಂತ. ಇಲ್ಲಿಗೆ ಬಂದ ಮೇಲೆ ನೆಲದಲ್ಲಿ ಗುಳಿ ತೋಡಿ ಆಡಿದ್ರಂತೆ.

ಇದನ್ನೆಲ್ಲ ಬರೀತಿರೋದು ಆ ಅಜ್ಜಿ ಹತ್ರಾನೇ ಕೂತು ಕೇಳಿ, ಒಪ್ಗೆ ತಗೊಂಡು. ಮೊದಲನೇ ಸಲ ಹಂಗೆ ಮಾಡ್ಲಿಲ್ಲ, ಅದೇ ನನ್ನ ತಪ್ಪು. ಓದಿದ ಖುಷಿಗೆ ನೋಟ್‌ಬುಕ್ಕಿನ ಎರಡು ಪುಟ ಫೋಟೋ ಹೊಡ್ದು ಗ್ರೂಪಿಗೆ ಹಾಕ್ಬಿಟ್ಟೆ, ನಮ್ಮ ಶಾಲೆ ಹೆಮ್ಮೆ ಅಂತ ಮೇಲೆ ಒಂದು ಸಾಲು ಬೇರೆ. ಅದರಲ್ಲಿ ಮನೆ ಒಳಗಿನ ಇನ್ನೂ ಕೆಲವು ವಿಷಯ ಇತ್ತು, ಜಾಗದ ಕಾಗದ ಪತ್ರದ್ದು, ಅದನ್ನ ಇಲ್ಲಿ ಮತ್ತೆ ಎತ್ತಲ್ಲ. ಮಾರನೇ ದಿನ ಹುಡುಗಿ ಅಮ್ಮ ಶಾಲೆಗೇ ಬಂದ್ರು, ಬೈಯಲಿಲ್ಲ, ಸಾರ್ ನಮ್ಮನೆ ಮಾತು ನೂರು ಫೋನಿಗೆ ಹೋಯ್ತಲ್ಲ ಅಂತ ಅಷ್ಟೇ ಅಂದು ನಿಂತ್ಕೊಂಡ್ರು. ಹಕ್ಕುಪತ್ರ ಅನ್ನೋ ಮಾತು ಬಂದ್ರೆ ನಮ್ಮ ಕಡೆ ಮನೆಗಳಲ್ಲಿ ಈಗ್ಲೂ ದನಿ ಸಣ್ಣ ಆಗತ್ತೆ, ಅದು ನನಗೆ ಗೊತ್ತಿರಬೇಕಿತ್ತು. ಆ ಫೋಟೋ ಡಿಲೀಟ್ ಮಾಡಿದೀನಿ, ನಿಮ್ಮ ಫೋನಲ್ಲಿ ಯಾರಾದ್ರೂ ಇಟ್ಕೊಂಡಿದ್ರೆ, ಫಾರ್ವರ್ಡ್ ಮಾಡಿದ್ರೆ, ದಯವಿಟ್ಟು ತೆಗೀರಿ. ಇನ್ಮೇಲೆ ಮಕ್ಕಳು ಬರೆದಿದ್ದು ಮಗು ಮತ್ತೆ ಮನೆಯೋರು ಇಬ್ರೂ ಹೂಂ ಅನ್ನದೆ ಗ್ರೂಪಿಗೂ ಹೋಗಲ್ಲ, ಗೋಡೆಗೂ ಹೋಗಲ್ಲ. ಆ ತಾಯಿ ಹತ್ರ ಮುಖತಃ ಕ್ಷಮೆ ಕೇಳಿದೀನಿ, ಎಲ್ರ ಮುಂದೆ ಹಾಕಿದ್ದಕ್ಕೆ ಎಲ್ರ ಮುಂದೇನೂ ಕೇಳ್ತಿದೀನಿ.

ಇನ್ನು ಗ್ರೂಪಲ್ಲಿ ಆಮೇಲೆ ನಡೆದ ಚರ್ಚೆ. ಮುಳುಗಡೆಯೋರನ್ನ ನಿರಾಶ್ರಿತರು ಅಂತ ಕರೆಯೋದು ಅವಮಾನ ಅಂತ ಕೆಲವರು, ಇಲ್ಲ ಅದೇ ಸರಿ ಅಂತ ಕೆಲವರು. ನಾನು ಕ್ಲಾಸಲ್ಲೂ ಹೇಳಿದೆ, ಅನ್ನಾ ಮನೆಯೋರ ಕಥೆ, ಮುಳುಗಡೆಯೋರ ಕಥೆ ಎರಡನ್ನೂ ಒಂದೇ ತಕ್ಕಡಿಗೆ ಹಾಕೋಕಾಗಲ್ಲ. ಪ್ರಾಣಭಯಕ್ಕೆ, ಜನಾಂಗ ಧರ್ಮ ರಾಜಕೀಯದಂಥ ಕಾರಣಕ್ಕೆ ಹಿಂಸೆ ಆಗತ್ತೆ ಅಂತ ಗಡಿ ದಾಟಿ ಹೋದೋರನ್ನ ನಿರಾಶ್ರಿತರು ಅಂತ 1951ರ ಜಿನೀವಾ ಒಪ್ಪಂದ ಹೇಳತ್ತೆ. ನಮ್ಮ ದೇಶ ಅದಕ್ಕೆ ಸಹಿ ಹಾಕಿಲ್ಲ, ಆದ್ರೂ ಟಿಬೆಟ್‌ನೋರಿಗೆ ಬೈಲಕುಪ್ಪೆ, ಮುಂಡಗೋಡಲ್ಲಿ ಜಾಗ ಕೊಟ್ಟಿದೆ. ಇದನ್ನ ಹೇಳ್ತಿದ್ದ ಹಾಗೇ ಒಬ್ಬ ಎದ್ದು, ಸಾರ್ ನಾವು ಟೂರಲ್ಲಿ ಗೋಲ್ಡನ್ ಟೆಂಪಲ್ ನೋಡಿ ಮೊಮೊ ತಿಂದ್ವಲ್ಲ ಅವರಾ ಅಂದ. ಹೌದಪ್ಪ ಅವರೇ. ಶರಾವತಿಯೋರು ಗಡಿ ದಾಟ್ಲಿಲ್ಲ, ಅವರನ್ನ ಯಾರೂ ಕೊಲ್ಲೋಕೆ ಬರ್ಲಿಲ್ಲ, ನಮ್ಮದೇ ಸರ್ಕಾರ ನಮ್ಮದೇ ಕರೆಂಟಿಗೋಸ್ಕರ ಎಬ್ಬಿಸ್ತು, ಕಾಗದದಲ್ಲಿ ಅವರು ಸಂತ್ರಸ್ತರು. ಅನ್ನಾ ಮನೆಯೋರು ಇನ್ನೊಂದಿಷ್ಟು ದಿನ ತಡ ಮಾಡಿದ್ರೆ ಅಪ್ಪನ ಕಥೆ ಬೇರೆನೇ ಆಗ್ತಿತ್ತು. ಈ ವ್ಯತ್ಯಾಸ ಮಕ್ಕಳಿಗೆ ಗೊತ್ತಿರಬೇಕು, ಇಲ್ಲಾಂದ್ರೆ ಎಲ್ಲಾ ಕಷ್ಟಕ್ಕೂ ಒಂದೇ ಹೆಸರಿಟ್ಟು ಕಣ್ಣೀರು ಹಾಕೋದು ಕಲೀತಾರೆ.

ಇಷ್ಟೆಲ್ಲ ಬೋರ್ಡಲ್ಲಿ ಎರಡು ಕಾಲಂ ಮಾಡಿ ಬರೆದು ತಿರುಗಿದ್ರೆ ಆ ಹುಡುಗಿ ಕೈ ಎತ್ತಿದ್ಲು. ಸಾರ್, ಮೊಲಕ್ಕೆ ಎರಡೂ ಒಂದೇ ಅಲ್ವಾ?

ನನ್ನ ಹತ್ರ ಉತ್ತರ ಇರ್ಲಿಲ್ಲ. ಬೆಲ್ ಹೊಡೀತು, ಬಚಾವಾದೆ.

ಈಗ ವಿಷಯಕ್ಕೆ ಬರ್ತೀನಿ. ಈ ಹುಡುಗಿನ ಪ್ರತಿಭಾ ಕಾರಂಜಿಗೆ ಕಳಿಸಿ, ಅಜ್ಜಿ ಕಥೆನೇ ಭಾಷಣ ಮಾಡಿಸಿ, ಸ್ವಲ್ಪ ಅಳೋ ಥರ ಪ್ರಾಕ್ಟೀಸ್ ಕೊಡ್ಸಿ, ಫಸ್ಟ್ ಪ್ರೈಜ್ ಗ್ಯಾರಂಟಿ ಅಂತ ಇಬ್ರು ಮೂವರು ಹೇಳಿದ್ರು, ಪ್ರೀತಿಯಿಂದಾನೇ ಹೇಳಿದ್ದು. ಬೇಡ. ಅಜ್ಜಿ ನಗ್ತಾ ಹೇಳಿದ್ದನ್ನ ಇವಳು ಸ್ಟೇಜ್ ಮೇಲೆ ಅಳ್ತಾ ಹೇಳಿದ್ರೆ ಅದು ಸುಳ್ಳಾಗತ್ತೆ, ಅವಳು ಬರೆದಿದ್ದರ ಜೀವ ಇದ್ದಿದ್ದೇ ಆ ಖುಷಿಲಿ.

ಮಕ್ಕಳು ಈಗ ಮನೇಲಿ ಕೇಳೋಕೆ ಶುರು ಮಾಡ್ತಾರೆ, ಕೆಲವರು ಆಗ್ಲೇ ಶುರು ಮಾಡಿದಾರೆ. ನೀವು ಎಲ್ಲಿಂದ ಬಂದಿದ್ದು, ಏನು ತಂದ್ರಿ, ಏನು ಬಿಟ್ರಿ ಅಂತ. ಮುಳುಗಡೆ ಮನೆಯೋರೇ ಆಗಬೇಕಿಲ್ಲ, ಘಟ್ಟದ ಕೆಳಗಿಂದ ಬಂದೋರಿದ್ದೀರಿ, ಕೂಲಿಗೆ ಬಂದು ಉಳ್ಕೊಂಡೋರಿದ್ದೀರಿ, ಮದುವೆ ಆಗಿ ಬಂದ ಅಮ್ಮಂದಿರಂತೂ ಎಲ್ರೂ ಒಂದೊಂದು ಊರು ಬಿಟ್ಟೇ ಬಂದಿದ್ದು. ಹೇಳೋಕೆ ಇಷ್ಟ ಇದ್ದಷ್ಟು ಹೇಳಿ, ಇಷ್ಟ ಇಲ್ಲಾಂದ್ರೆ ಇಲ್ಲ ಅನ್ನಿ, ಮಕ್ಕಳಿಗೆ ಒತ್ತಾಯ ಮಾಡಬೇಡಿ ಅಂತ ನಾವೂ ಹೇಳಿದೀವಿ. ಒಂದೇ ಕೋರಿಕೆ, ಅವರು ಬರೆದಿದ್ದನ್ನ ನೀವು ತಿದ್ದಬೇಡಿ. ಹೋದ ವಾರ ಒಂದು ನೋಟ್‌ಬುಕ್ಕಲ್ಲಿ ಕೊನೆ ಪ್ಯಾರಾ ದೊಡ್ಡೋರ ಅಕ್ಷರದಲ್ಲಿತ್ತು, ಯಾರ ಮನೇದು ಅಂತ ಹೇಳಲ್ಲ, ಆ ಅಪ್ಪ ಇದನ್ನ ಓದಿ ನಗ್ತಾರೆ.

ಮುಂದಿನ ತಿಂಗಳು ಓದೋಕೆ ನಾ. ಡಿಸೋಜ ಅವರ ಮುಳುಗಡೆಯ ಊರಿಗೆ ಬಂದವರು ತಗೊಂಡಿದೀವಿ, ಮಕ್ಕಳಿಗೇ ಬರೆದ ಕಾದಂಬರಿ, 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿದ್ದು. ಸಾಗರದೋರು, ಮುಳುಗಡೆನ ಕಣ್ಣಾರೆ ಕಂಡೋರು, 2025ರ ಜನವರಿಲಿ ತೀರ್ಕೊಂಡ್ರು. ಜರ್ಮನಿ ಕಥೆ ಯಾಕೆ ಅಂದ ಅಪ್ಪನಿಗೆ ಇದು ಖುಷಿ ಆಗಬಹುದು. ಮೊದಲು ಅದನ್ನೇ ಓದಿಸಬೇಕಿತ್ತಾ ಅಂತ ಮೇಡಂ ಹತ್ರ ಕೇಳಿದೆ, ದೂರದ್ದು ಮೊದಲು ಓದಿದ್ದಕ್ಕೇ ಸಾರ್ ಇವರಿಗೆ ಹತ್ತಿರದ್ದು ಕೇಳೋಕೆ ಧೈರ್ಯ ಬಂದಿದ್ದು ಅಂದ್ರು. ಇರಬಹುದು.

ಶನಿವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಆ ಅಜ್ಜಿ ಶಾಲೆಗೆ ಬರ್ತಾರೆ, ಅವರೇ ಬರ್ತೀನಿ ಅಂದಿದ್ದು. ಭಾಷಣ ಇಲ್ಲ, ಶಾಲು ಹಾರ ಇಲ್ಲ, ಫೋಟೋ ಇಲ್ಲ. ಮಕ್ಕಳಿಗೆ ಚೆನ್ನೆಮಣೆ ಆಡೋದು ಹೇಳ್ಕೊಡ್ತಾರಂತೆ. ಶಾಲೇಲಿ ಮಣೆ ಒಂದೂ ಇಲ್ಲ, ಯಾರ ಮನೆ ಅಟ್ಟದ ಮೇಲಾದ್ರೂ ಇದ್ರೆ ಶುಕ್ರವಾರದೊಳಗೆ ಕಳಿಸ್ಕೊಡಿ, ಮೇಲೆ ಹೆಸರು ಬರೆದು ಕಳಿಸಿ, ಜೋಪಾನವಾಗಿ ವಾಪಸ್ ಕೊಡ್ತೀವಿ. ಕಾಳು ಬೇಡ, ಅವರು ತರ್ತಾರೆ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು

ಮತ್ತೆ, ನೀಲಿ ರೇನ್‌ಕೋಟ್ ಒಂದು, ಕೊಡೆ ಮೂರು ಆಫೀಸ್ ರೂಮಲ್ಲಿ ಎರಡು ವಾರದಿಂದ ಹಂಗೇ ಬಿದ್ದಿದಾವೆ. ಯಾರ ಮಕ್ಕಳದ್ದು ನೋಡಿ ತಗೊಂಡು ಹೋಗಿ.